ಹರಪನಹಳ್ಳಿಯ ಹಾಗೇ ಮನೆ ಬದಲಿಸಿದ ತಿಗಣೆ

ಮಹಾನವಮಿ ರಜೆಗೆ ಹರಪನಹಳ್ಳಿ ಕಡೆ ಅಕ್ಕನ ಊರಿಗೆ ಹೋಗಿದ್ದೆ. ದಾವಣಗೆರೆಯಲ್ಲಿ ಬಸ್ ಹತ್ತಿದರೆ ಒಂದು ಸಣ್ಣ ನಿದ್ದೆಯ ದೂರ. ಭಾವನ ಬಿಟಿ ಹತ್ತಿ ಹೊಲದಲ್ಲಿ ಸಾಲಿನುದ್ದಕ್ಕೂ ಮೊಗ್ಗು ಉದುರಿದ್ದವು. ಅಂಗಡಿಯವನೊಬ್ಬ ಕಾಯಿಕೊರಕ ಹುಳುವಿನ ಔಷಧಿ ಕೊಟ್ಟಿದ್ದನಂತೆ. ಹೊಡೆದದ್ದೂ ಆಯ್ತು, ದುಡ್ಡು ಹೋದದ್ದೂ ಆಯ್ತು.

ಒಂದು ಮೊಗ್ಗು ಬಿಡಿಸಿದೆ. ಒಳಗೆ ಹುಳುವಿಲ್ಲ, ಹಿಕ್ಕೆಯೂ ಇಲ್ಲ. ಮೊಗ್ಗನ್ನು ಮುಚ್ಚಿದ್ದ ಹಸಿರು ಎಲೆಯ ಒಳಮೈಗೆ ಮಾತ್ರ ಅರಿಶಿನ ತಾಕಿದಂಥ ಹಳದಿ ಕಲೆ. ಭಾವನ ಬಿಳಿ ಟವೆಲ್ ಗಿಡದ ಕೆಳಗೆ ಹಿಡಿದು ರೆಂಬೆ ಬಡಿದೆ. ಅಕ್ಕಿಕಾಳಿನಷ್ಟು ಉದ್ದದ ಕಂದು ತಿಗಣೆಗಳು ಉದುರಿದವು. ಮಿರಿಡ್ ತಿಗಣೆ! ಬಿಟಿ ಗಿಡ ತನ್ನೊಳಗೇ ತಯಾರಿಸಿಕೊಳ್ಳುವ ವಿಷ ಕಾಯಿಕೊರಕದಂಥ ಹುಳುಗಳಿಗೆ. ರಸ ಹೀರುವ ಇವಕ್ಕೆ ಅದು ಲೆಕ್ಕಕ್ಕೇ ಇಲ್ಲ.

ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳುವವಳು ನಾನು, ಚೀಲದಲ್ಲಿ ಲೆನ್ಸ್ ಸದಾ ಇರುತ್ತದೆ. ರೆಕ್ಕೆಯ ಗಟ್ಟಿ ಭಾಗ ಮುಗಿಯುವಲ್ಲಿ ಒಂದು ಪುಟ್ಟ ತ್ರಿಕೋನ, ಅಲ್ಲಿಂದ ರೆಕ್ಕೆ ಕೆಳಕ್ಕೆ ಬಾಗುತ್ತದೆ. ತಲೆಯ ಮೇಲೆ ಸರಳಗಣ್ಣು, ಅಂದರೆ ಚುಕ್ಕಿಯಂಥ ಪುಟ್ಟ ಕಣ್ಣು, ಇಲ್ಲ. ಮಿರಿಡೇ ಕುಟುಂಬ ಅನ್ನುವುದಕ್ಕೆ ನನಗಿಷ್ಟು ಸಾಕು.

ಗೊಂದಲವಾಗಿದ್ದು ವೈಜ್ಞಾನಿಕ ಹೆಸರಿನಲ್ಲಿ. ಅದರ ಮೊದಲ ಪದ ಕುಲ, ಅಂದರೆ ಹತ್ತಿರದ ಜಾತಿಗಳ ಗುಂಪು; ಎರಡನೆಯದು ಜಾತಿಯ ಗುರುತು. ನನ್ನ ಎಂಎಸ್ಸಿ ನೋಟ್ಸಿನಲ್ಲಿ ಕ್ರಿಯೋಂಟಿಯಾಡಿಸ್ ಬಿಸೆರಾಟೆನ್ಸ್ ಅಂತಿದೆ. ಮೊಬೈಲ್‌ನಲ್ಲಿ ಹುಡುಕಿದರೆ ಪಾಪಿಯೊಕ್ಯಾಪ್ಸಿಡಿಯಾ ಬಿಸೆರಾಟೆನ್ಸ್. ಎರಡು ಬೇರೆ ತಿಗಣೆ ಅಂದುಕೊಂಡು ಸುಮ್ನೆ ಒಂದು ಗಂಟೆ ಕಳೆದೆ. ಕೊನೆಗೆ ಕಣ್ಣಿಗೆ ಬಿದ್ದದ್ದು ಆವರಣ ಚಿಹ್ನೆ. ಎರಡೂ ಕಡೆ ಡಿಸ್ಟಾಂಟ್ ಅನ್ನುವ ಕೀಟತಜ್ಞನ ಹೆಸರು ಆವರಣದೊಳಗಿತ್ತು. ಪ್ರಾಣಿಗಳಿಗೆ ಹೆಸರಿಡುವ ನಿಯಮದಲ್ಲಿ ಅದರ ಅರ್ಥ ಇಷ್ಟೇ: ಮೊದಲು ಹೆಸರಿಟ್ಟವನು ಇವನೇ, ಆದರೆ ಅವನು ಇಟ್ಟ ಕುಲದಲ್ಲಿ ಇದು ಈಗಿಲ್ಲ. 1903ರಲ್ಲಿ ಡಿಸ್ಟಾಂಟ್ ಇದನ್ನು ಮೆಗಾಸೀಲಮ್ ಕುಲಕ್ಕೆ ಸೇರಿಸಿದ್ದ. ಆಮೇಲೆ ಕ್ರಿಯೋಂಟಿಯಾಡಿಸ್‌ಗೆ ಹೋಯಿತು. ಈ ಕುಲಗಳೆಲ್ಲ ಒಂದಕ್ಕೊಂದು ಅಂಟಿಕೊಂಡ ಗುಂಪು, ಮೇಲ್ನೋಟಕ್ಕೆ ಅಣ್ಣ-ತಮ್ಮಂದಿರ ಹಾಗೆ. ಬಣ್ಣ ನಂಬಿದರೆ ಕೆಟ್ಟಿರಿ. ಗಂಡು ತಿಗಣೆಯ ಜನನಾಂಗ ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. 2016ರಲ್ಲಿ ಇಡೀ ಗುಂಪನ್ನೇ ಮತ್ತೆ ಜಾಲಾಡಿದರು. ಈಗ ಇದರ ಮನೆ ಪಾಪಿಯೊಕ್ಯಾಪ್ಸಿಡಿಯಾ. ಬಿಸೆರಾಟೆನ್ಸ್ ಮಾತ್ರ ಮೂರೂ ಕಡೆ ಜೊತೆಗೇ ಬಂತು.

ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳಿದೆ. ಭಾವ ರೊಟ್ಟಿ ಮುರಿಯುತ್ತಾ, "ಇದು ನಮ್ಮ ತಾಲೂಕಿನ ಕಥೆನೇ ಆಯ್ತಲ್ಲ" ಅಂದರು. ನಿಜ ಅಲ್ವಾ? ಬಳ್ಳಾರಿಯಲ್ಲಿದ್ದ ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಬಂತು, ತಿರುಗಿ ಬಳ್ಳಾರಿಗೆ ಹೋಯಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಅಕ್ಕ ಇನ್ನೂ ಸೀರೆಗೆ ದಾವಣಗೆರೆಗೇ ಬರುತ್ತಾಳೆ.

"ಹೊಸ ಹೆಸರು ಏನಂದಿ?"

"ಪಾಪಿಯೊಕ್ಯಾಪ್ಸಿಡಿಯಾ."

"ಪಾಪಿ ಅಂತ ಈಗ ಗೊತ್ತಾಯ್ತಾ ಅವರಿಗೆ?" ಅಂದವರೇ ಅಕ್ಕನ ಕಡೆ ತಿರುಗಿ ಇನ್ನೊಂದು ರೊಟ್ಟಿ ಕೇಳಿದರು.