ಅಡ್ವಾನ್ಸ್ ಎಷ್ಟು ಕಟ್ಟಬೇಕು?

ಹನ್ನೊಂದು ವರ್ಷ ಒಂದು ಖಾಸಗಿ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೂತವಳು ನಾನು. ಡಾಕ್ಟರಲ್ಲ, ನರ್ಸಲ್ಲ. ಕಾಯಿಲೆಗಳೆಲ್ಲ ನನಗೆ ಕೋಡುಗಳಾಗಿ ಪರಿಚಯ, ಮನುಷ್ಯರು ಬೆಡ್ ನಂಬರುಗಳಾಗಿ. ಆರೋಗ್ಯ ಸರ್ಕಾರದ ಕೈಲಿರಬೇಕೋ ಖಾಸಗಿಯವರ ಕೈಲಿರಬೇಕೋ ಅಂತ ಮನೆಯಲ್ಲಿ ವಾದ ಎದ್ದರೆ ಎರಡೂ ಕಡೆಯವರು ನನ್ನನ್ನೇ ಸಾಕ್ಷಿಗೆ ಕರೆಯುತ್ತಾರೆ. ನನ್ನ ಸಾಕ್ಷಿ ಯಾರಿಗೂ ಅನುಕೂಲವಾಗುವುದಿಲ್ಲ, ಅದು ಬೇರೆ ಮಾತು.

ಒಂದು ರಾತ್ರಿ ಪಾಳಿಯಲ್ಲಿ ಒಬ್ಬರು ಬಂದು ನಿಂತರು. ಹೆಂಡತಿಯನ್ನು ಆಗಷ್ಟೇ ಎಮರ್ಜೆನ್ಸಿಗೆ ಒಯ್ದಿದ್ದರು. ಆಕೆಯ ಚಪ್ಪಲಿ ಇವರ ಎಡಗೈಯಲ್ಲಿ. ಎಲ್ಲಿಡಬೇಕು ಅಂತ ಯಾರೂ ಹೇಳಿರಲಿಲ್ಲವೋ ಏನೋ, ಬಿಗಿಯಾಗಿ ಹಿಡಿದುಕೊಂಡೇ ಇದ್ದರು. ಮೊದಲ ಮಾತು, "ಅಡ್ವಾನ್ಸ್ ಎಷ್ಟು ಕಟ್ಟಬೇಕು ಮೇಡಂ?" ಅಂದಾಜು ವೆಚ್ಚದ ಫಾರಂ ಮುಂದಿಟ್ಟೆ. ಓದದೆ ಸಹಿ ಹಾಕಿದರು. ಮೂರು ಜನಕ್ಕೆ ಫೋನ್ ಮಾಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಈ ಸ್ಕ್ಯಾನ್ ಬೇಕೇ ಬೇಕಾ?"

ನನ್ನನ್ನು! ರಸೀದಿ ಹರಿದುಕೊಡುವವಳನ್ನು! "ಡಾಕ್ಟರ್ ಬರೆದಿದ್ದಾರೆ ಸರ್" ಅಂದೆ. ಇನ್ನೇನು ಹೇಳಲಿ.

ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲೇ ಒಂದು ಪ್ರಬಂಧದಲ್ಲಿ ಇದನ್ನು ಬಿಡಿಸಿಟ್ಟಿದ್ದ ಅಂತ ನನಗೆ ಗೊತ್ತಾದದ್ದು ಕೆಲಸ ಬಿಟ್ಟ ಮೇಲೆ. ಕಾಯಿಲೆ ಯಾವಾಗ ಬರುತ್ತದೋ ಗೊತ್ತಿಲ್ಲ, ಬಂದಾಗ ಏನು ಬೇಕು ಅನ್ನುವುದು ಕೊಳ್ಳುವವನಿಗಿಂತ ಮಾರುವವನಿಗೇ ಚೆನ್ನಾಗಿ ಗೊತ್ತು. ಹೀಗಿರುವಾಗ ಇದು ಮಾಮೂಲಿ ಸಂತೆಯ ಹಾಗೆ ನಡೆಯುವುದಿಲ್ಲ ಅನ್ನುವುದು ಅವನ ವಾದದ ತಿರುಳು. ಚಪ್ಪಲಿ ಹಿಡಿದು ನಿಂತವರು ನಾಲ್ಕು ಆಸ್ಪತ್ರೆಯ ದರ ಹೋಲಿಸಿ ನೋಡುತ್ತಾರಾ?

ಹಾಗಂತ ಸರ್ಕಾರಿ ಆಸ್ಪತ್ರೆಗೆ ಜೈ ಅನ್ನಲೂ ಬಾಯಿ ಬರುವುದಿಲ್ಲ. ಅಮ್ಮನ ಮಂಡಿ ಆಪರೇಷನ್ ಅಲ್ಲೇ ಆಯಿತು. ಒಳ್ಳೆಯ ಕೈ, ಗಾಯ ಚೆನ್ನಾಗಿ ಮಾಯಿತು, ಒಂದು ಕಾಸೂ ಕೇಳಲಿಲ್ಲ. ಆದರೆ ಸರದಿ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅಮ್ಮ ಮೆಟ್ಟಿಲು ಹತ್ತುವುದನ್ನು ಬಿಟ್ಟಳು, ಆಮೇಲೆ ಹೊರಗೆ ಹೋಗುವುದನ್ನು ಬಿಟ್ಟಳು. ಭಾರವೆಲ್ಲ ಹೊತ್ತು ಹೊತ್ತು ಇನ್ನೊಂದು ಮಂಡಿಯೂ ಕೈಕೊಟ್ಟಿತು. ನಮ್ಮ ಕೌಂಟರಿನಲ್ಲಿ ಜನರನ್ನು ತಡೆಯುತ್ತಿದ್ದದ್ದು ದುಡ್ಡು, ಅಲ್ಲಿ ಕ್ಯಾಲೆಂಡರು.

ವಾದ ಮಾಡುವವರು ಎರಡು ಪ್ರಶ್ನೆಗಳನ್ನು ಕಲಸಿಬಿಡುತ್ತಾರೆ. ಆಸ್ಪತ್ರೆ ಯಾರದು ಅನ್ನುವುದು ಒಂದು, ದುಡ್ಡು ಯಾರು ಕಟ್ಟುತ್ತಾರೆ ಅನ್ನುವುದು ಇನ್ನೊಂದು. ಬ್ರಿಟನ್ನಿನಲ್ಲಿ 1948ರ ಜುಲೈ 5ರಂದು ಆರೋಗ್ಯ ಸಚಿವ ಅನೈರಿನ್ ಬೆವನ್ ರಾಷ್ಟ್ರೀಯ ಆರೋಗ್ಯ ಸೇವೆ ಶುರು ಮಾಡಿದಾಗ ಆಸ್ಪತ್ರೆಗಳು ಸರ್ಕಾರದ್ದಾದವು. ಆದರೆ ಕುಟುಂಬ ವೈದ್ಯರು ಸಂಬಳದ ನೌಕರರಾಗಲಿಲ್ಲ, ಸರ್ಕಾರದ ಜೊತೆ ಗುತ್ತಿಗೆ ಮಾಡಿಕೊಂಡು ಸ್ವತಂತ್ರರಾಗೇ ಉಳಿದರು. ಮೂರೇ ವರ್ಷಕ್ಕೆ ಹಲ್ಲುಸೆಟ್ಟು ಮತ್ತು ಕನ್ನಡಕಕ್ಕೆ ಸರ್ಕಾರ ಶುಲ್ಕ ಹಾಕಲು ಹೊರಟದ್ದಕ್ಕೆ ಬೆವನ್ ಸಚಿವ ಸ್ಥಾನವನ್ನೇ ಬಿಟ್ಟ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ 1962ರಲ್ಲಿ ಸಾರ್ವತ್ರಿಕ ವೈದ್ಯಕೀಯ ವಿಮೆ ಬಂದ ದಿನವೇ ಡಾಕ್ಟರುಗಳು ಮುಷ್ಕರ ಹೂಡಿದರು. 23 ದಿನ ನಡೆಯಿತು. ಕೊನೆಗೆ ಅವರ ಕ್ಲಿನಿಕ್ಕು ಅವರದಾಗೇ ಉಳಿಯಿತು, ಬಿಲ್ಲು ಹೋಗುವ ವಿಳಾಸ ಮಾತ್ರ ಬದಲಾಯಿತು. ತೈವಾನ್ 1995ರಲ್ಲಿ ಎಲ್ಲರಿಗೂ ಒಂದೇ ಸರ್ಕಾರಿ ವಿಮೆ ತಂದಿತು. ಅಲ್ಲಿನ ಆಸ್ಪತ್ರೆಗಳಲ್ಲಿ ಹೆಚ್ಚಿನವು ಖಾಸಗಿ.

ಇನ್ನು ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್. 1883ರಲ್ಲೇ ಕಾರ್ಮಿಕರ ಕಾಯಿಲೆಗೆ ಕಡ್ಡಾಯ ವಿಮೆ ಮಾಡಿದ. ಸಮಾಜವಾದಿಗಳನ್ನು ಕಂಡರಾಗದ ಮನುಷ್ಯ, ಅವರ ಕಾಲಡಿಯ ನೆಲ ಕಸಿಯಲು ಮಾಡಿದ್ದು. ಕಾರ್ಮಿಕ, ಮಾಲೀಕ ಇಬ್ಬರೂ ಕಂತು ಕಟ್ಟಬೇಕಿತ್ತು. ಉದ್ದೇಶ ಏನೇ ಇರಲಿ, ಹುಷಾರಾಗಿದ್ದಾಗಲೇ ದುಡ್ಡು ಎತ್ತಿಡಬೇಕು ಅನ್ನುವುದು ಅವನಿಗೆ ಹೊಳೆದಿತ್ತು. ನನಗೂ ಬೇಕಾಗಿರುವುದು ಅಷ್ಟೇ. ಕೌಂಟರಿನಲ್ಲಿ ಅಡ್ವಾನ್ಸ್ ಎಷ್ಟು ಅನ್ನುವ ಪ್ರಶ್ನೆ ಏಳಬಾರದು. ಅಮೆರಿಕದಲ್ಲಿ 1986ರ ಒಂದು ಕಾನೂನಿನ ಪ್ರಕಾರ ತುರ್ತು ವಿಭಾಗಕ್ಕೆ ಬಂದವರ ಜೇಬು ನೋಡದೆ ಮೊದಲು ಪರೀಕ್ಷಿಸಿ, ಅಪಾಯದಿಂದ ಪಾರುಮಾಡಬೇಕು. ಒಳ್ಳೆಯದೇ. ಆದರೆ ಬಿಲ್ಲು ಮನ್ನಾ ಅಲ್ಲ, ಆಮೇಲೆ ಮನೆ ಹುಡುಕಿಕೊಂಡು ಬರುತ್ತದೆ. ಪ್ರಶ್ನೆ ಮುಂದಕ್ಕೆ ಹೋಯಿತು ಅಷ್ಟೇ.

ನನ್ನ ತಮ್ಮ ಒಪ್ಪುವುದಿಲ್ಲ. "ಅಕ್ಕಾ, ಫ್ರೀ ಅಂದ್ರೆ ನೆಗಡಿಗೂ ಬಂದು ಕೂರ್ತಾರೆ." ಅವನ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. 1970ರ ದಶಕದಲ್ಲಿ ಅಮೆರಿಕದಲ್ಲಿ ರ್‍ಯಾಂಡ್ ಅನ್ನುವ ಸಂಶೋಧನಾ ಸಂಸ್ಥೆ ಸಾವಿರಾರು ಕುಟುಂಬಗಳಿಗೆ ಬೇರೆ ಬೇರೆ ವಿಮೆ ಕೊಟ್ಟು ವರ್ಷಗಟ್ಟಲೆ ಗಮನಿಸಿತ್ತು. ಕೈಯಿಂದ ಪಾಲು ಕಟ್ಟಬೇಕಾದವರು ಡಾಕ್ಟರ ಹತ್ತಿರ ಹೋಗುವುದು ಕಡಿಮೆಯಾಯಿತು, ಬಹುತೇಕರ ಆರೋಗ್ಯವೇನೂ ಅದರಿಂದ ಹದಗೆಡಲಿಲ್ಲ. ಆದರೆ ಅವರು ಬಿಟ್ಟದ್ದು ಬರೀ ಬೇಡದ ಚಿಕಿತ್ಸೆಯನ್ನಲ್ಲ, ಬೇಕಾದದ್ದನ್ನೂ ಅಷ್ಟೇ ಬಿಟ್ಟಿದ್ದರು. ಬಿಪಿ ಇದ್ದ ಬಡವರಿಗೆ ಪೆಟ್ಟು ಬಿತ್ತು. "ಈ ಸ್ಕ್ಯಾನ್ ಬೇಕೇ ಬೇಕಾ" ಅಂತ ಕೇಳುವವರಿಗೆ ಯಾವುದು ಬೇಕು ಯಾವುದು ಬೇಡ ಅಂತ ತಿಳಿಯುವುದಾದರೂ ಹೇಗೆ?

"ಸರಿ, ನಾನು ಸಿಗರೇಟ್ ಸೇದಲ್ಲ. ಸೇದೋನ ಶ್ವಾಸಕೋಶಕ್ಕೆ ನನ್ನ ತೆರಿಗೆ ಯಾಕೆ?" ಅಂದ ತಮ್ಮ. ಅವನ ಹತ್ತಿರ ಖಾಸಗಿ ವಿಮೆ ಇದೆ, ಅದರ ಮೇಲೆ ಭಾರಿ ನೆಚ್ಚಿಕೆ.

"ನಿನ್ನ ಕಂಪನಿ ಏನು ನಿನ್ನ ಕಂತನ್ನ ನಿನ್ನ ಹೆಸರಲ್ಲಿ ಡಬ್ಬಿಗೆ ಹಾಕಿಟ್ಟಿರುತ್ತಾ? ಅದೂ ಯಾರದೋ ಶ್ವಾಸಕೋಶಕ್ಕೇ ಹೋಗ್ತಿದೆ ಕಣೋ" ಅಂದೆ.

ನಂಬಲಿಲ್ಲ. ಒಳಗೆ ಹೋಗಿ ಪಾಲಿಸಿ ಕಾಗದ ತಂದ. ತೋರಿಸ್ತೀನಿ ಅಂತ ಪುಟ ತಿರುವುತ್ತಾ ಹೋಗಿ ಒಂದು ಕಡೆ ನಿಂತುಬಿಟ್ಟ. ಬಗ್ಗಿ ನೋಡಿದೆ. ಸಣ್ಣಕ್ಷರದಲ್ಲಿ, ವಿಮೆಗೆ ಒಳಪಡದ ಕಾಯಿಲೆಗಳ ಪಟ್ಟಿ. ಹನ್ನೊಂದು ವರ್ಷ ನೋಡಿದ ಪುಟ, ನನಗೆ ಬಾಯಿಪಾಠ.

"ಅಕ್ಕಾ, ಇಷ್ಟಕ್ಕೂ ಕ್ಲೇಮ್ ಆಗಲ್ವಾ?"

"ಹಿಂದಿನ ಪುಟಾನೂ ನೋಡು" ಅಂದೆ.