ಪುಸ್ತಕ ತೆರೆದಿಟ್ಟು ಬರೆದ ಪರೀಕ್ಷೆ

ಪ್ರಶ್ನೆಪತ್ರಿಕೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ, ಅದರ ಕೆಳಗೆ ಮೂರು ಸಾಲಿನ ಒಂದು ಕೋಷ್ಟಕ. ಸಾಂಕ್ರಾಮಿಕ ರೋಗಶಾಸ್ತ್ರದ ಆ ಸ್ನಾತಕೋತ್ತರ ಪತ್ರಿಕೆಗೆ ಕೊಟ್ಟಿದ್ದ ಅವಧಿ 48 ಗಂಟೆ, ಪದಮಿತಿ ಎರಡು ಸಾವಿರ. ಪುಸ್ತಕ, ಟಿಪ್ಪಣಿ, ಗ್ರಂಥಾಲಯದ ಲೇಖನ, ಏನನ್ನು ಬೇಕಾದರೂ ನೋಡಬಹುದು. ಯಾರೊಂದಿಗೂ ಚರ್ಚಿಸುವಂತಿಲ್ಲ, ಎಲ್ಲಿಂದ ಏನು ತೆಗೆದುಕೊಂಡೆವು ಎಂಬುದನ್ನು ಅಲ್ಲಲ್ಲೇ ನಮೂದಿಸಬೇಕು. ಟೇಕ್ ಹೋಮ್ ಪರೀಕ್ಷೆ ಎಂದು ಕೇಳಿದವರು ಸಾಮಾನ್ಯವಾಗಿ "ಪುಸ್ತಕ ನೋಡಿ ಬರೆಯುವುದು ತಾನೇ?" ಎನ್ನುತ್ತಾರೆ. ಪುಸ್ತಕ ಎದುರಿಗಿದೆ ಎಂಬ ಕಾರಣಕ್ಕೇ ಅಲ್ಲಿ ಪುಸ್ತಕದಲ್ಲಿ ಸಿಗುವುದನ್ನು ಯಾರೂ ಕೇಳುವುದಿಲ್ಲ.

ಹಾಗಾಗಿ ನನ್ನ ಸಿದ್ಧತೆಯಲ್ಲಿ ಬಾಯಿಪಾಠಕ್ಕೆ ಜಾಗವಿರಲಿಲ್ಲ. ಓದಿದ್ದನ್ನೆಲ್ಲ ಸಂಕ್ಷೇಪಿಸಿ ಬರೆದಿಡುವುದನ್ನೂ ಬೇಗ ಬಿಟ್ಟೆ. ಸಂಕ್ಷೇಪ ಮಾಡುತ್ತಾ ಹೋದರೆ ಓದಿದ ತೃಪ್ತಿ ಸಿಗುತ್ತದೆ, ಆದರೆ ಬೇಕಾದ ಹೊತ್ತಿಗೆ ಬೇಕಾದ ಮಾತು ಕೈಗೆ ಸಿಗುವುದಿಲ್ಲ. ಅದರ ಬದಲು ಒಂದು ಸೂಚಿ ತಯಾರಿಸಿಕೊಂಡೆ. ಪ್ರತಿ ಲೇಖನಕ್ಕೂ ನಾಲ್ಕು ಅಂಕಣ: ಲೇಖಕರ ವಾದವೇನು, ಅದಕ್ಕೆ ಆಧಾರವೇನು, ಆ ಆಧಾರಕ್ಕೆ ಬರಬಹುದಾದ ಆಕ್ಷೇಪವೇನು, ಇದೆಲ್ಲ ಯಾವ ಪುಟದಲ್ಲಿದೆ. ಮೂರನೆಯ ಅಂಕಣ ತುಂಬಲು ಹಿಡಿದಷ್ಟು ಹೊತ್ತು ಉಳಿದ ಮೂರಕ್ಕೂ ಸೇರಿ ಹಿಡಿಯಲಿಲ್ಲ. ಆಕ್ಷೇಪವನ್ನು ಲೇಖಕರು ತಾವಾಗಿ ಬರೆದಿರುವುದಿಲ್ಲ, ಓದುವವರೇ ಹುಡುಕಿ ತೆಗೆಯಬೇಕು. ಈ ಕೆಲಸವನ್ನು ಪರೀಕ್ಷೆಯ ಗಡಿಯಾರ ಶುರುವಾದ ಮೇಲೆ ಮಾಡಲು ಸಾಧ್ಯವೇ ಇಲ್ಲ.

ಇನ್ನು ಆ ಕೋಷ್ಟಕ. ಅದು 1854ರ ಲಂಡನ್ ಕಾಲರಾ ಸಮಯದಲ್ಲಿ ವೈದ್ಯ ಜಾನ್ ಸ್ನೋ ಸಿದ್ಧಪಡಿಸಿದ್ದು, ಯಾವ ಕಂಪನಿಯ ನೀರು ಬರುತ್ತಿದ್ದ ಮನೆಗಳಲ್ಲಿ ಎಷ್ಟು ಸಾವು ಎಂಬ ಲೆಕ್ಕ. ಸ್ನೋ ಎಂದರೆ ಎಲ್ಲರಿಗೂ ನೆನಪಾಗುವುದು ಲಂಡನ್ನಿನ ಬ್ರಾಡ್ ಸ್ಟ್ರೀಟಿನ ನೀರಿನ ಪಂಪು, ಕಾಲರಾ ಹರಡುತ್ತಿರುವುದು ಅದರಿಂದಲೇ ಎಂದು ಅದರ ಹಿಡಿಕೆ ತೆಗೆಸಿದ ಕತೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಕೆಲಸ ಈ ಮೂರು ಸಾಲುಗಳಲ್ಲಿದೆ. ದಕ್ಷಿಣ ಲಂಡನ್ನಿನ ಎಷ್ಟೋ ಬೀದಿಗಳಲ್ಲಿ ಎರಡು ಕಂಪನಿಗಳ ನೀರಿನ ಕೊಳವೆಗಳು ಅಕ್ಕಪಕ್ಕದಲ್ಲೇ ಸಾಗುತ್ತಿದ್ದವು. ಲ್ಯಾಂಬೆತ್ ಕಂಪನಿ 1852ರಲ್ಲಿ ತನ್ನ ನೀರೆತ್ತುವ ಜಾಗವನ್ನು ನಗರದ ಕೊಳಚೆ ತಲುಪದ ಥೇಮ್ಸ್ ನದಿಯ ಮೇಲ್ಭಾಗಕ್ಕೆ ಬದಲಿಸಿಕೊಂಡಿತ್ತು. ಸದರ್ಕ್ ಅಂಡ್ ವಾಕ್ಸ್‌ಹಾಲ್ ಕಂಪನಿ ಮಾತ್ರ ಕೊಳಚೆ ಸೇರುತ್ತಿದ್ದ ಕಡೆಯಿಂದಲೇ ನೀರೆತ್ತುತ್ತಿತ್ತು. ಬಡವರು, ಸಿರಿವಂತರು, ದೊಡ್ಡ ಮನೆ, ಸಣ್ಣ ಮನೆ ಎಂಬ ಭೇದವಿಲ್ಲದೆ ಒಂದೇ ಬೀದಿಯ ಜನ ತಮಗೇ ಅರಿವಿಲ್ಲದಂತೆ ಎರಡು ಗುಂಪಾಗಿದ್ದರು. ಎಷ್ಟೋ ಬಾಡಿಗೆದಾರರಿಗೆ ತಮ್ಮ ಮನೆಗೆ ಬರುವ ನೀರು ಯಾವ ಕಂಪನಿಯದು ಎಂಬುದೂ ಗೊತ್ತಿರಲಿಲ್ಲ. ಎರಡು ನೀರಿನ ನಡುವೆ ಉಪ್ಪಿನ ಅಂಶದಲ್ಲಿ ಸುಮಾರು ನಲವತ್ತು ಪಟ್ಟು ವ್ಯತ್ಯಾಸವಿದ್ದುದರಿಂದ ಸ್ನೋ ಉಪ್ಪಿನ ಅಂಶವನ್ನು ತೋರಿಸಿಕೊಡುವ ಸಿಲ್ವರ್ ನೈಟ್ರೇಟ್ ಹಾಕಿ ನೀರು ಯಾವ ಕಂಪನಿಯದೆಂದು ಪತ್ತೆಹಚ್ಚಿದ. ಮನೆಮನೆಗೆ ಹೋಗಿ, ಸತ್ತವರ ಮನೆಗೆ ಯಾರ ನೀರು ಬರುತ್ತಿತ್ತು ಎಂದು ಕೇಳಿ ಬರೆದುಕೊಂಡ ಆ ಶ್ರಮದ ಬಗ್ಗೆ ನನಗೆ ಅಪಾರ ಗೌರವವಿದೆ.

ಪ್ರಶ್ನೆ ಇಷ್ಟೇ: ಕಾಲರಾಕ್ಕೆ ನೀರೇ ಕಾರಣ ಎಂದು ಹೇಳಲು ಈ ಕೋಷ್ಟಕ ಸಾಕೇ?

ಮೊದಲು ಯಾವ ಪುಸ್ತಕವನ್ನೂ ತೆರೆಯಲಿಲ್ಲ. ಈ ಕೋಷ್ಟಕದ ಬಗ್ಗೆ ನೂರಾರು ಜನ ಬರೆದಿದ್ದಾರೆ. ಅವರನ್ನು ಮೊದಲೇ ಓದಿದ್ದರೆ ನನ್ನ ಕಣ್ಣು ಅವರು ತೋರಿಸಿದ ಕಡೆಗಷ್ಟೇ ಹೋಗುತ್ತಿತ್ತು. ಹಾಳೆಯ ಮೇಲೆ ಅಂಕಿಗಳನ್ನು ಬರೆದುಕೊಂಡು ಭಾಗಾಕಾರ ಶುರು ಮಾಡಿದೆ. ಸದರ್ಕ್ ಕಂಪನಿಯ ನೀರು ಪಡೆಯುತ್ತಿದ್ದ 40,046 ಮನೆಗಳಲ್ಲಿ 1,263 ಸಾವು, ಅಂದರೆ ಹತ್ತು ಸಾವಿರ ಮನೆಗೆ 315. ಲ್ಯಾಂಬೆತ್ ಕಂಪನಿಯ 26,107 ಮನೆಗಳಲ್ಲಿ 98 ಸಾವು, ಹತ್ತು ಸಾವಿರಕ್ಕೆ 37. ಅಂತರ ಎಂಟು ಪಟ್ಟಿಗಿಂತ ಹೆಚ್ಚು. ಲಂಡನ್ನಿನ ಉಳಿದ 2,56,423 ಮನೆಗಳಲ್ಲಿ 1,422 ಸಾವು. ಕೋಷ್ಟಕದಲ್ಲಿ ಅದರ ಪ್ರಮಾಣ 59 ಎಂದು ಅಚ್ಚಾಗಿದೆ. ನಾನು ಭಾಗಿಸಿದಾಗ 55 ಬಂತು. ಮತ್ತೆ ಭಾಗಿಸಿದರೂ 55. ವಾದದ ದಿಕ್ಕನ್ನು ಬದಲಿಸುವಷ್ಟು ದೊಡ್ಡ ವ್ಯತ್ಯಾಸವಲ್ಲ ಅದು. ಆದರೂ ಅಚ್ಚಾದ ಅಂಕಿಯನ್ನು ಇನ್ನೊಮ್ಮೆ ಲೆಕ್ಕ ಹಾಕದೆ ನಂಬಬಾರದು ಎಂಬ ಎಚ್ಚರ ಆಮೇಲೆ ನನ್ನನ್ನು ಬಿಡಲಿಲ್ಲ.

ಆ ಎಚ್ಚರದಲ್ಲೇ ಮನೆಗಳ ಸಂಖ್ಯೆಯ ಅಂಕಣಕ್ಕೆ ಮರಳಿದೆ. ಕೊಳವೆಗಳು ಒಂದೇ ಬೀದಿಯಲ್ಲಿ ಬೆರೆತಿದ್ದವು ಎಂಬುದೇ ಸ್ನೋನ ವಾದದ ಜೀವಾಳ. ಹಾಗಿದ್ದ ಮೇಲೆ ಎಣಿಸಬೇಕಾದದ್ದು ಬೆರೆತ ಬೀದಿಗಳ ಮನೆಗಳನ್ನು ಮಾತ್ರ. ಕೋಷ್ಟಕದಲ್ಲಿರುವುದು ಆಯಾ ಕಂಪನಿಯ ಎಲ್ಲ ಮನೆಗಳು! ಒಂದೇ ಕಂಪನಿಯ ನೀರು ಬರುತ್ತಿದ್ದ ಪ್ರದೇಶಗಳೂ ಅದರೊಳಗೆ ಸೇರಿಹೋಗಿವೆ. ಆ ಪ್ರದೇಶಗಳು ಬಡತನದಲ್ಲೋ, ಜನದಟ್ಟಣೆಯಲ್ಲೋ ಬೇರೆಯಾಗಿದ್ದರೆ ಎಂಟು ಪಟ್ಟಿನಲ್ಲಿ ನೀರಿನ ಪಾಲೆಷ್ಟು, ಉಳಿದದ್ದರ ಪಾಲೆಷ್ಟು? ಜೊತೆಗೆ, ಮನೆ ಎಂದರೆ ಮನುಷ್ಯರ ಸಂಖ್ಯೆಯಲ್ಲ. ಒಂದು ಮನೆಯಲ್ಲಿ ನಾಲ್ವರಿರಬಹುದು, ಇಪ್ಪತ್ತು ಜನರಿರಬಹುದು. ಸೂಚಿಯ ಮೂರನೆಯ ಅಂಕಣಕ್ಕೆ ಸೇರಬೇಕಾದ ಮಾತು ನನ್ನದೇ ಲೆಕ್ಕದಿಂದ ಹುಟ್ಟಿ ಬಂದಾಗ ಆದ ಸಂತೋಷ ಅಂಕಗಳ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಆಮೇಲೆ ಪುಸ್ತಕಗಳನ್ನು ತೆರೆದಾಗ ಇದನ್ನು ಮೊದಲೇ ಕಂಡವರು ಸಿಕ್ಕರು. ಸ್ನೋ ಕೂಡ 1856ರ ಲೇಖನದಲ್ಲಿ ಪ್ರದೇಶವಾರು ಜನಸಂಖ್ಯೆ ಹಿಡಿದು ಲೆಕ್ಕವನ್ನು ಮತ್ತೆ ಕಟ್ಟಿದ್ದ. ಆಗ ಅವರ ಮಾತುಗಳು ನನ್ನ ವಾದಕ್ಕೆ ಸಾಕ್ಷಿಗಳಾಗಿ ಬಂದವು.

ಬರೆಯುವಾಗ ಹೆಚ್ಚು ಕಾಡಿದ್ದು ಬೇರೆಯದೇ ಕಷ್ಟ. ಕಾಲರಾ ರೋಗಾಣು ನೀರಿನ ಮೂಲಕ ಹರಡುತ್ತದೆಂದು ಇಂದು ನಮಗೆ ಗೊತ್ತು. ಜರ್ಮನ್ ವಿಜ್ಞಾನಿ ರಾಬರ್ಟ್ ಕಾಖ್ ಆ ರೋಗಾಣುವನ್ನು ಬೇರ್ಪಡಿಸಿ ಬೆಳೆಸಿದ್ದು 1884ರಲ್ಲಿ, ಸ್ನೋ ತೀರಿಕೊಂಡು ಇಪ್ಪತ್ತೈದು ವರ್ಷ ಕಳೆದ ಮೇಲೆ. ಪ್ರಶ್ನೆ ಕೇಳುತ್ತಿದ್ದುದು ಈ ಕೋಷ್ಟಕ ಸಾಕೇ ಎಂದು. ಹಾಗಾಗಿ ಮುಂದೆ ಸಿಕ್ಕ ಉತ್ತರವನ್ನು ಹಿಂದಿನ ಸಾಕ್ಷ್ಯದ ಮೇಲೆ ಹೊದಿಸದಂತೆ ಪ್ರತಿ ವಾಕ್ಯವನ್ನೂ ಕಾಯಬೇಕಾಯಿತು. ಕೊನೆಗೆ ನನ್ನ ನಿಲುವು ಹೀಗೆ ಗಟ್ಟಿಯಾಯಿತು: ಕೋಷ್ಟಕವೊಂದೇ ಕಾರಣವನ್ನು ಸಾಧಿಸಲು ಸಾಲದು, ಆದರೆ ಬೆರೆತ ಕೊಳವೆಗಳು ಮತ್ತು ಉಪ್ಪಿನ ಪರೀಕ್ಷೆಯ ಜೊತೆ ಇಟ್ಟು ನೋಡಿದರೆ, ನೀರೆತ್ತುವ ಜಾಗ ಬದಲಿಸಿ ಎಂದು ಕಂಪನಿಗೆ ಆದೇಶಿಸಲು ಧಾರಾಳವಾಗಿ ಸಾಕು. ಸಾಧಿಸಲು ಬೇಕಾದ ಸಾಕ್ಷ್ಯವೂ ಕ್ರಮ ಕೈಗೊಳ್ಳಲು ಬೇಕಾದ ಸಾಕ್ಷ್ಯವೂ ಒಂದೇ ಅಳತೆಯವಲ್ಲ.

ಮೊದಲ ಕರಡು ಪದಮಿತಿಯನ್ನು ಬಹಳವೇ ಮೀರಿತ್ತು. ಪಂಪಿನ ಕತೆಯ ಭಾಗವನ್ನು ಪೂರ್ತಿ ತೆಗೆದುಹಾಕಿದೆ. ಚೆನ್ನಾಗಿ ಬಂದಿತ್ತು, ಆದರೆ ಪ್ರಶ್ನೆಗೆ ಸಂಬಂಧಿಸಿರಲಿಲ್ಲ. ನಿದ್ದೆ ಮಾಡಿ ಎದ್ದು ಓದಿ, ಇನ್ನಷ್ಟು ಕತ್ತರಿಸಿ, ಗಡುವಿಗೆ ಮುಂಚೆ ಸಲ್ಲಿಸಿದೆ.

ನಡುವೆ ಸಹಪಾಠಿ ಗೆಳತಿಯೊಬ್ಬಳು ಫೋನ್ ಮಾಡಿದ್ದಳು. ಇಬ್ಬರೂ ನಿಯಮಕ್ಕೆ ಬದ್ಧರಾಗಿ ಪರೀಕ್ಷೆಯ ವಿಷಯ ಎತ್ತಲಿಲ್ಲ. ಗಡುವು ಮುಗಿದದ್ದೇ ತಡ, ಮತ್ತೆ ಕರೆ ಬಂತು. "ನೀನು ಸಾಲದು ಅಂತ ಬರೆದೆಯಾ? ನಾನು ಸಾಕು ಅಂತ ಬರೆದೆ" ಎಂದಳು. ಮನೆಗಳ ಎಣಿಕೆಯ ಕೊರತೆ ಅವಳಿಗೂ ಕಂಡಿತ್ತು. ಆದರೆ ಎಂಟು ಪಟ್ಟಿನ ಅಂತರವನ್ನು ಅಳಿಸಬೇಕಾದರೆ ಆ ಎಣಿಕೆ ಎಷ್ಟು ವಿಪರೀತವಾಗಿ ತಪ್ಪಿರಬೇಕು ಎಂದು ಲೆಕ್ಕ ಹಾಕಿ, ಅಷ್ಟು ತಪ್ಪಿರುವುದು ಅಸಂಭವ ಎಂದು ವಾದಿಸಿದ್ದಳು. ಅಂತರ ದೊಡ್ಡದೆಂದ ಮಾತ್ರಕ್ಕೆ ಹೋಲಿಕೆಯ ಕೊರತೆ ಮಾಫಿಯಾಗುವುದಿಲ್ಲ ಎಂದು ನಾನು ಹಟ ಹಿಡಿದೆ. ಅವಳು ತನ್ನ ಲೆಕ್ಕದ ಹಾಳೆಯ ಚಿತ್ರ ಕಳುಹಿಸಿದಳು, ನಾನು 1856ರ ಲೇಖನದ ಪುಟಗಳನ್ನು ಕಳುಹಿಸಿದೆ. ಯಾರೂ ಸೋಲೊಪ್ಪಲಿಲ್ಲ, ಮರುದಿನ ಗ್ರಂಥಾಲಯದಲ್ಲಿ ಕುಳಿತು ಪ್ರದೇಶವಾರು ಅಂಕಿಗಳನ್ನು ಹಿಡಿದು ಲೆಕ್ಕವನ್ನು ಮೊದಲಿನಿಂದ ಮಾಡಿ ನೋಡೋಣ ಎಂದು ಮಾತಾಯಿತು.