ಕೋನ್ ಇಡುವ ಹೊತ್ತು, ಎತ್ತುವ ಹೊತ್ತು

ಆಷಾಢದಲ್ಲಿ ಚಿತ್ರದುರ್ಗದ ಬಯಲಲ್ಲಿ ಮಳೆಗಿಂತ ಗಾಳಿಯೇ ಹೆಚ್ಚು. ಗುಡ್ಡದ ನೆತ್ತಿಯ ಗಾಳಿಯಂತ್ರಗಳು ರಾತ್ರಿಯಿಡೀ ತಿರುಗುತ್ತವೆ. ಅದೇ ಗಾಳಿ ಕೆಳಗೆ ರಸ್ತೆಯಲ್ಲಿ ನಾವು ನಿಲ್ಲಿಸಿದ ಫಲಕಗಳನ್ನು ಉರುಳಿಸುತ್ತದೆ. ಅಂಥದೊಂದು ರಾತ್ರಿ ರಾಷ್ಟ್ರೀಯ ಹೆದ್ದಾರಿ 50ರಲ್ಲಿ, ಚಿತ್ರದುರ್ಗದಿಂದ ಕೂಡ್ಲಿಗಿ ಕಡೆಗೆ ಹೋಗುವ ಬದಿಯಲ್ಲಿ ಕೆಲಸವಿತ್ತು. ಮೀಡಿಯನ್, ಅಂದರೆ ರಸ್ತೆ ನಡುವಿನ ವಿಭಜಕದ ಪಕ್ಕದ ಲೇನ್ ಮುಚ್ಚಿ, 500 ಮೀಟರ್ ಉದ್ದಕ್ಕೆ 40 ಮಿಲಿಮೀಟರ್ ಡಾಂಬರು ಹಾಸಬೇಕು. ರಾತ್ರಿ 9ಕ್ಕೆ ಶುರು, ಬೆಳಗಿನ 5ರೊಳಗೆ ರಸ್ತೆ ಬಿಟ್ಟುಕೊಡಬೇಕು.

ಈ ಕೆಲಸದಲ್ಲಿ ಅತಿ ಅಪಾಯದ ಹೊತ್ತು ಯಾವುದು ಎಂದು ಕೇಳಿದರೆ ಹೆಚ್ಚಿನವರು ಡಾಂಬರು ಹಾಸುವ ಯಂತ್ರ, ಪೇವರ್, ಓಡುವ ಹೊತ್ತು ಎನ್ನುತ್ತಾರೆ. ಅಲ್ಲ. ಲೇನ್ ಮುಚ್ಚಲು ಸಾಲಾಗಿ ನಿಲ್ಲಿಸುವ ಶಂಕುವಿನಾಕಾರದ ಕೋನ್ ಇಡುವ ಮೊದಲ ಮುಕ್ಕಾಲು ಗಂಟೆ, ಎತ್ತುವ ಕೊನೆಯ ಮುಕ್ಕಾಲು ಗಂಟೆ. ಆಗ ಆಳು ರಸ್ತೆಯ ಮೇಲಿರುತ್ತಾನೆ, ಅವನನ್ನು ಕಾಯುವ ವ್ಯವಸ್ಥೆ ಇನ್ನೂ ಪಿಕಪ್ ಗಾಡಿಯಲ್ಲಿರುತ್ತದೆ.

ಹಾಗಾಗಿ ಅರ್ಧ ಕೆಲಸ ಹಗಲಲ್ಲೇ ಆಗಬೇಕು. ಫಲಕ ರಸ್ತೆಯ ಎರಡೂ ಬದಿಗೆ ಬೇಕು, ಏಕೆಂದರೆ ಎಡಗಡೆಯದನ್ನು ಲಾರಿ ಮರೆಮಾಡುತ್ತದೆ. ಆದರೆ ಮೀಡಿಯನ್ ಕಡೆಯ ಫಲಕ ಇಡಲು ಕತ್ತಲಲ್ಲಿ ಫಲಕ ಹೊತ್ತು ಎರಡು ಲೇನ್ ದಾಟುವುದೆಂದರೆ ಜೀವ ಪಣಕ್ಕಿಟ್ಟಂತೆ. ಸಂಜೆ ಬೆಳಕಿರುವಾಗಲೇ ಅವನ್ನು ನಿಲ್ಲಿಸಿ, ಗೋಣಿಚೀಲ ಹೊದಿಸಿ ಕಟ್ಟಿದೆವು. ಚೀಲ ಬಿಚ್ಚುವುದು ಕೆಲಸ ಶುರುವಾಗುವಾಗಲೇ. ಕೆಲಸವಿಲ್ಲದ ಕಡೆ ‘ಕೆಲಸ ನಡೆಯುತ್ತಿದೆ’ ಎಂದು ತೋರಿಸಿದರೆ ಮುಂದಿನ ಸಲ ಚಾಲಕ ನಂಬುವುದಿಲ್ಲ. ಮೀಡಿಯನ್ನಿನ ಕಣಗಿಲೆ ಗಿಡಗಳನ್ನು ಫಲಕದ ಹಿಂದೆ ಮುಂದೆ ಕತ್ತರಿಸಿದ್ದೂ ಹಗಲಲ್ಲೇ. ಬೆಳೆದ ಕಣಗಿಲೆ ಎಂಥ ದೊಡ್ಡ ಫಲಕವನ್ನೂ ನುಂಗಿಬಿಡುತ್ತದೆ. ಪ್ರತಿ ಸ್ಟ್ಯಾಂಡಿನ ಕಾಲಿಗೆ ಎರಡೆರಡು ಮರಳುಚೀಲ. ಕಲ್ಲು ಹೇರುವ ರೂಢಿ ಎಲ್ಲ ಕಡೆ ಇದೆ, ಅದು ಬೇಡವೇ ಬೇಡ: ಗಾಡಿ ಫಲಕಕ್ಕೆ ಬಡಿದರೆ ಮರಳುಚೀಲ ಹರಿಯುತ್ತದೆ, ಕಲ್ಲು ಹಾರುತ್ತದೆ.

ರಾತ್ರಿ ಫಲಕ ತೆರೆಯುವುದು ವಾಹನ ಬರುವ ದಿಕ್ಕಿನಿಂದಲೇ. 1 ಕಿಲೋಮೀಟರ್ ಹಿಂದಿನದು ಮೊದಲು, ಆಮೇಲೆ 500 ಮೀಟರಿನದು, ಆಮೇಲೆ ಲೇನ್ ಮುಚ್ಚಿದೆ ಎನ್ನುವುದು, ಜೊತೆಗೆ ವೇಗಮಿತಿ 60, ನಂತರ 40. ಇದಾದ ಮೇಲಷ್ಟೇ ಮೊದಲ ಕೋನ್. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ 100 ಕಿಲೋಮೀಟರ್ ವೇಗಕ್ಕೆ ಅನುಮತಿಯಿದೆ, ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಚಾಲಕ ನೋಡಿ, ಅರ್ಥಮಾಡಿಕೊಂಡು, ಬ್ರೇಕ್ ತುಳಿಯಲು ಎರಡೂವರೆ ಸೆಕೆಂಡ್ ಹಿಡಿದರೂ 70 ಮೀಟರ್ ಹೋಗಿಯೇ ಹೋಯಿತು. ಗಾಡಿ ಪೂರ್ತಿ ನಿಲ್ಲಲು ನಮ್ಮ ರಸ್ತೆ ವಿನ್ಯಾಸದ ಲೆಕ್ಕದಲ್ಲಿ 180 ಮೀಟರ್ ಬೇಕು.

ಎಲ್ಲಕ್ಕಿಂತ ಹೆಚ್ಚು ಎಡವುವುದು ಟೇಪರ್‌ನಲ್ಲಿ, ಅಂದರೆ ಎರಡು ಲೇನಿನ ವಾಹನಗಳನ್ನು ಒಂದಕ್ಕೆ ತಳ್ಳುವ ಓರೆ ಸಾಲಿನಲ್ಲಿ. 3.5 ಮೀಟರ್ ಅಗಲದ ಲೇನನ್ನು 80ರ ವೇಗದ ಲಾರಿಗೆ ಮುಚ್ಚಬೇಕಾದರೆ ಸುಮಾರು 180 ಮೀಟರ್ ಓರೆ ಬೇಕು. ಕೋನ್ ಕಡಿಮೆ ಇದ್ದಾಗ ಮೇಸ್ತ್ರಿ ಮೊದಲು ಮೊಟಕು ಮಾಡುವುದು ಇದನ್ನೇ. 30 ಮೀಟರಿಗೆ ಇಳಿಸಿ, ಕೊನೆಗೆ ಒಂದು ಡ್ರಮ್ ಇಟ್ಟು ಕೈತೊಳೆದುಕೊಳ್ಳುತ್ತಾರೆ. ಲಾರಿ ಚಾಲಕನಿಗೆ ಅದು ಓರೆ ಸಾಲಲ್ಲ, ಗೋಡೆ. ಆ ರಾತ್ರಿಯ ಲೆಕ್ಕ ಹೀಗಿತ್ತು: ಓರೆಯಲ್ಲಿ 9 ಮೀಟರಿಗೊಂದರಂತೆ 21 ಕೋನ್, ಅದರಾಚೆಗಿನ ನೇರ 600 ಮೀಟರಿಗೆ 18 ಮೀಟರಿಗೊಂದರಂತೆ 33, ಕೊನೆಯ ಕಿರು ಓರೆಗೆ 5. ಒಟ್ಟು 59. ಪಿಕಪ್‌ನಲ್ಲಿ 80 ತುಂಬಿದ್ದೆವು. ರಾತ್ರಿಯಲ್ಲಿ ಹತ್ತಾದರೂ ಟೈರಿಗೆ ಸಿಕ್ಕಿ ಹೋಗುತ್ತವೆ.

ನೇರ ಸಾಲಿನ ಮೊದಲ 100 ಮೀಟರ್ ಖಾಲಿ ಜಾಗ. ಅಲ್ಲಿ ಆಳಿಲ್ಲ, ಯಂತ್ರವಿಲ್ಲ, ಬೈಕೂ ಇಲ್ಲ. ಅದು ಮುಗಿಯುವಲ್ಲಿ ಮಣ್ಣು ತುಂಬಿದ ಟಿಪ್ಪರ್ ಅಡ್ಡ ನಿಲ್ಲುತ್ತದೆ: ಹ್ಯಾಂಡ್‌ಬ್ರೇಕ್ ಎಳೆದು, ಮುಂದಿನ ಚಕ್ರ ಮೀಡಿಯನ್ ಕಡೆಗೆ ತಿರುಗಿಸಿ, ಒಳಗೆ ಯಾರನ್ನೂ ಕೂರಿಸದೆ. ಊಟದ ಹೊತ್ತಿಗೆ ಈ ಖಾಲಿ ಜಾಗದಲ್ಲೇ ಹಾಸಿಕೊಂಡು ಮಲಗುವವರಿದ್ದಾರೆ, ಅಲ್ಲಿ ತಂಪು, ಸದ್ದು ಕಡಿಮೆ ಅಂತ. ಯಾದಗಿರಿ, ರಾಯಚೂರು ಕಡೆಯಿಂದ ಗುಳೆ ಬಂದ ಕುಟುಂಬಗಳಿಗೂ, ಬಿಹಾರ, ಒಡಿಶಾದಿಂದ ಬಂದ ಹುಡುಗರಿಗೂ ಅವರವರ ಭಾಷೆಯಲ್ಲೇ, ಬರೀ ಬಾಯಲ್ಲಲ್ಲ, ಜಾಗಕ್ಕೆ ಕರೆದೊಯ್ದು ತೋರಿಸಿ ಹೇಳಬೇಕು. ಹೊಸ ಡಾಂಬರು ಹಳೆಯದಕ್ಕೆ ಅಂಟಲು ಬಳಿಯುವ ತೆಳು ಲೇಪ, ಟ್ಯಾಕ್ ಕೋಟ್‌ಗೆ ಮೊದಲು ರಸ್ತೆ ಗುಡಿಸುವ ಹೆಣ್ಣುಮಕ್ಕಳು ಜಾಕೆಟ್ ಮೇಲೆ ಸೆರಗು ಹೊದ್ದರೆ ಹೊಳೆಯುವ ಪಟ್ಟಿಯೇ ಮುಚ್ಚಿಹೋಗುತ್ತದೆ. ಸೆರಗು ಒಳಗೆ, ಜಾಕೆಟ್ ಹೊರಗೆ, ಗುಂಡಿ ಹಾಕಿ. ಇದನ್ನು ದಿನವೂ ಹೇಳಬೇಕು, ಬೇಸರಪಡಬಾರದು.

500 ಮೀಟರ್ ಉದ್ದ, 3.5 ಮೀಟರ್ ಅಗಲ, 40 ಮಿಲಿಮೀಟರ್ ದಪ್ಪ ಎಂದರೆ ಹತ್ತಿರ ಹತ್ತಿರ 168 ಟನ್ ಡಾಂಬರು. ಟಿಪ್ಪರಿಗೆ 17 ಟನ್ನಿನಂತೆ ಹತ್ತು ಲೋಡ್. ಅಂದರೆ ಓಡುವ ವಾಹನಗಳ ನಡುವಿನಿಂದ ಹತ್ತು ಸಲ ಒಳಗೆ, ಹತ್ತು ಸಲ ಹೊರಗೆ. ಒಳಗೆ ಹೋಗುವಾಗಿನ ತೊಂದರೆ ಏನೆಂದರೆ, ಕೋನಿನ ಸಂದಿನಲ್ಲಿ ಟಿಪ್ಪರ್ ತೂರಿದ ಕೂಡಲೇ ಹಿಂದಿನ ಕಾರೂ ದಾರಿ ಇದೇ ಎಂದುಕೊಂಡು ಹಿಂಬಾಲಿಸುತ್ತದೆ. ಆ ರಾತ್ರಿ ಎರಡು ಸಲ ಹಾಗಾಯಿತು. ಟಿಪ್ಪರಿನ ಬೆನ್ನಿಗೆ ‘ಹಿಂಬಾಲಿಸಬೇಡಿ, ಕೆಲಸದ ವಾಹನ’ ಎಂಬ ಬೋರ್ಡ್ ಇರಬೇಕು, ಸಂದಿನಲ್ಲಿ ಬಾವುಟ ತೋರಿಸಿ ವಾಹನ ತಡೆಯುವ ಫ್ಲ್ಯಾಗ್‌ಮ್ಯಾನ್ ನಿಂತಿರಬೇಕು, ಟಿಪ್ಪರ್ ಒಳಹೊಕ್ಕ ಕ್ಷಣವೇ ಕೋನ್ ಮುಚ್ಚಬೇಕು. ಎರಡು ಸಲವೂ ಕೋನ್ ಮುಚ್ಚುವುದು ತಡವಾಗಿತ್ತು.

ಒಳಗೆ ಹೊಕ್ಕ ಟಿಪ್ಪರ್ ಪೇವರ್ ಕಡೆಗೆ ಹಿಮ್ಮುಖವಾಗಿ ಬರುತ್ತದೆ. ಜನರೇಟರ್, ಪೇವರ್, ರೋಲರ್ ಸದ್ದಿನಲ್ಲಿ ರಿವರ್ಸ್ ಹಾರ್ನ್ ಕೇಳುವುದೇ ಇಲ್ಲ. ದಾರಿ ತೋರಿಸುವವನು ಒಬ್ಬನೇ ಇರಬೇಕು, ಚಾಲಕನ ಕನ್ನಡಿಯಲ್ಲಿ ಸದಾ ಕಾಣಬೇಕು. ಅವನು ಮರೆಯಾದರೆ ಗಾಡಿ ನಿಲ್ಲಬೇಕು. ಡಾಂಬರು 140 ಡಿಗ್ರಿಗಿಂತ ಕೆಳಗಿಳಿಯುವ ಮುನ್ನ ಹಾಸಬೇಕು, 90ಕ್ಕಿಂತ ಮೇಲಿರುವಾಗಲೇ ರೋಲಿಂಗ್ ಮುಗಿಸಬೇಕು. ಗಾಳಿಯಿದ್ದರೆ ಇನ್ನೂ ಬೇಗ ತಣಿಯುತ್ತದೆ. ಈ ಅವಸರದಲ್ಲೇ ಜನ ಟಿಪ್ಪರಿನ ಹಿಂದೆ ನುಗ್ಗುವುದು.

ಫ್ಲ್ಯಾಗ್‌ಮ್ಯಾನ್ ಕೆಲಸವನ್ನು ಹೊಸಬನಿಗೋ, ವಯಸ್ಸಾದವನಿಗೋ ಕೊಡುವ ಕೆಟ್ಟ ರೂಢಿಯಿದೆ. ಚುರುಕಾದವನಿಗೇ ಕೊಡಬೇಕು. ಅವನು ಲೇನಿನಲ್ಲಿ ನಿಲ್ಲಬಾರದು, ವಾಹನಕ್ಕೆ ಬೆನ್ನು ಮಾಡಬಾರದು, ಓಡಲು ಬಯಲು ಕಡೆ ದಾರಿಯಿರಬೇಕು, ಅವನ ಮೇಲೆ ಬೆಳಕು ಬೀಳಬೇಕು. ಗಂಟೆಗೊಮ್ಮೆ ಬದಲಿ. ಬೆಂಗಳೂರಿನಿಂದ ಹೊಸಪೇಟೆ, ವಿಜಯಪುರ, ಕಲಬುರಗಿ ಕಡೆ ಹೋಗುವ ಸ್ಲೀಪರ್ ಬಸ್ಸುಗಳು ಇಲ್ಲಿ ಹಾಯುವುದು ನಡುರಾತ್ರಿಯ ನಂತರ. ಅದಾದ ಮೇಲೆ ರಸ್ತೆ ಬಿಕೋ ಎನ್ನುತ್ತದೆ, ಮೂರರ ಸುಮಾರಿಗೆ ಚಾಲಕನೂ ಕಾವಲಿನವನೂ ಒಟ್ಟಿಗೆ ತೂಕಡಿಸುತ್ತಾರೆ.

ಆ ರಾತ್ರಿ ಎಡವಟ್ಟಾದದ್ದೂ ಆ ಹೊತ್ತಲ್ಲೇ. 500 ಮೀಟರಿನ ಫಲಕ ಗಾಳಿಗೆ ಮುಖ ಅಡಿಯಾಗಿ ಬಿದ್ದಿತ್ತು. ಒಂದು ಮರಳುಚೀಲ ಸೋರಿ ಹಗುರಾಗಿತ್ತು. ಮೋಡದಿಂದ ಚಾರ್ಜ್ ಆಗದ ಸೋಲಾರ್ ಬ್ಲಿಂಕರ್ ಎರಡು ಆರಿದ್ದವು. ಬಂದ ಲಾರಿ ಓರೆ ಸಾಲಿನ ನಾಲ್ಕು ಕೋನ್ ಉರುಳಿಸಿ, ಖಾಲಿ ಜಾಗದೊಳಗೆ ನುಗ್ಗಿ, ಮಣ್ಣಿನ ಟಿಪ್ಪರಿಗೆ 40 ಮೀಟರ್ ದೂರದಲ್ಲಿ ನಿಂತಿತು. ಆ 100 ಮೀಟರಿನಲ್ಲಿ ಯಾರೂ ಮಲಗಿರಲಿಲ್ಲ. ಗಂಟೆಗೊಮ್ಮೆ ಪಿಕಪ್‌ನಲ್ಲಿ 1 ಕಿಲೋಮೀಟರ್ ಹಿಂದಿನಿಂದ ಸಾಮಾನ್ಯ ಪ್ರಯಾಣಿಕನಂತೆ ಬಂದು ನೋಡಬೇಕೆಂಬ ನಿಯಮವಿತ್ತು. ರಾತ್ರಿ 2ಕ್ಕೆ ಹೋಗಬೇಕಿದ್ದ ಸುತ್ತು ತಪ್ಪಿತ್ತು. ಹಾಗೆ ಓಡಿಸಿ ನೋಡಿದರೆ ಮಾತ್ರ ಟವರ್ ಲೈಟಿನ ಬೆಳಕು ಚಾಲಕನ ಕಣ್ಣಿಗೇ ಕುಕ್ಕುತ್ತಿದೆ ಎನ್ನುವಂಥದ್ದೂ ಗೊತ್ತಾಗುತ್ತದೆ. ದೀಪ ಎತ್ತರದಲ್ಲಿರಬೇಕು, ಮುಖ ನೆಲಕ್ಕಿರಬೇಕು.

ಇಷ್ಟೆಲ್ಲ ಏರ್ಪಾಡು ದೊಡ್ಡ ಕೆಲಸಕ್ಕೆ ಸಿಗುತ್ತದೆ. ಮೀಡಿಯನ್ ಗಿಡಕ್ಕೆ ನೀರು ಬಿಡುವ ಟ್ಯಾಂಕರ್ ಮಾತ್ರ ಬಲ ಲೇನಿನಲ್ಲಿ ಒಂದೇ ಒಂದು ಕೋನ್ ಇಲ್ಲದೆ ತೆವಳುತ್ತಿರುತ್ತದೆ, ಹಿಂದೆ ಪೈಪ್ ಹಿಡಿದು ಒಬ್ಬ ನಡೆಯುತ್ತಿರುತ್ತಾನೆ. ಹತ್ತು ನಿಮಿಷದ ಕೆಲಸ ಅಂತಾರೆ. ಆ ಟ್ಯಾಂಕರಿಗೆ ಹಿಂದೊಂದು, ಪಕ್ಕಕ್ಕೆ ಸರಿಯಿರಿ ಎಂದು ಬಾಣದ ದೀಪ ತೋರಿಸುವ ಗಾಡಿ ಕೊಡಲು ದೊಡ್ಡ ಖರ್ಚೇನೂ ಇಲ್ಲ.

4.30ಕ್ಕೆ ಎತ್ತುವ ಕೆಲಸ ಶುರುವಾಯಿತು. ಮೊದಲು ಹೊಸ ಡಾಂಬರಿನ ಎರಡೂ ತುದಿಗೆ ಸುಮಾರು 2 ಮೀಟರ್ ಉದ್ದದ ಇಳಿಜಾರು ಕಟ್ಟಿದೆವು, ಉದ್ದಕ್ಕೂ ಅಂಚನ್ನು ಓರೆಯಾಗಿ ಒತ್ತಿದೆವು. 40 ಮಿಲಿಮೀಟರ್ ಎತ್ತರ ಲಾರಿಗೆ ಗೊತ್ತೇ ಆಗುವುದಿಲ್ಲ, ಲೇನ್ ಬದಲಿಸುವ ಬೈಕಿನ ಮುಂಚಕ್ರವನ್ನು ಮಾತ್ರ ಅದು ಎಳೆದುಬಿಡುತ್ತದೆ. ಆಮೇಲೆ ಕೋನ್ ಎತ್ತುವುದು ಇಟ್ಟದ್ದಕ್ಕೆ ತಿರುವುಮುರುವು: ಕೊನೆಯಿಂದ ಹಿಂದಕ್ಕೆ, ಮುಚ್ಚಿದ ಲೇನಿನೊಳಗೇ ಪಿಕಪ್ ಹಿಮ್ಮುಖವಾಗಿ ಸಾಗಬೇಕು, ಮಣ್ಣಿನ ಟಿಪ್ಪರ್ ಕೊನೆತನಕ ಕಾವಲಿರಬೇಕು. ಮನೆಗೆ ಹೋಗುವ ಆತುರಕ್ಕೆ ಮೊದಲು ಫಲಕ ಎತ್ತುವವರಿದ್ದಾರೆ. ಫಲಕ ಕೊನೆಗೆ.

ಲೆಕ್ಕ ಹಾಕಿದರೆ ಎರಡು ಕೋನ್ ಕಡಿಮೆ. ಒಂದು ಚರಂಡಿಯಲ್ಲಿ ಚಪ್ಪಟೆಯಾಗಿ ಸಿಕ್ಕಿತು. ಇನ್ನೊಂದು ಬೆಳಕು ಹರಿದ ಮೇಲೆ 300 ಮೀಟರ್ ಮುಂದೆ, ಕಣಗಿಲೆಯ ಬುಡದಲ್ಲಿ. ಅದು ಸಿಗುವವರೆಗೆ ಫ್ಲ್ಯಾಗ್‌ಮ್ಯಾನ್ ಅಲ್ಲೇ ನಿಂತಿದ್ದ.